ಹಳೆಯ ಕಿಟಕಿಯೇ? ಹೊಸ ಕಿಟಕಿಯೇ?

ಆಷಾಢದ ಮಳೆ ಹಿಡಿದು ಮೂರು ದಿನಗಳಾಗಿವೆ. ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಸಾಗುವ ದಾರಿಯುದ್ದಕ್ಕೂ ಅಡಿಕೆಯ ತೋಟಗಳು ತೊಯ್ದು ನಿಂತಿವೆ. ಆ ದಾರಿಯ ಯಾವುದಾದರೊಂದು ಮನೆಯನ್ನು ವಾಚಕರು ಮನಸ್ಸಿನಲ್ಲಿಯೇ ಹೊಕ್ಕು ನೋಡಬಹುದು. ಒಳಜಗಲಿಯ ಮೂಲೆಯಲ್ಲಿ ಒಂದು ಮರದ ಮೇಜು. ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿಟ್ಟ ಹಳೆಯ ಗಣಕಯಂತ್ರ. ಮನೆಯ ಯಜಮಾನರಿಗೆ ಅರುವತ್ತೈದು ದಾಟಿದೆ. ಬೆಳಗಿನ ಕಾಫಿಯಾದೊಡನೆ ಆ ಬಟ್ಟೆಯನ್ನು ತೆಗೆದು ಮಡಿಸಿಟ್ಟು, ಪರದೆಯ ಮೇಲಿನ ನೀಲಿ ಬಣ್ಣದ ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನು ಒತ್ತುವುದು ಅವರ ಹಲವು ವರ್ಷಗಳ ಅಭ್ಯಾಸ. ಶಿವಮೊಗ್ಗದ ಪೇಟೆಯಲ್ಲಿ ರಾಶಿಗೆಷ್ಟು, ಬೆಟ್ಟೆಗೆಷ್ಟು ಎಂಬ ಧಾರಣೆ ಅವರಿಗೆ ದೊರೆಯುವುದು ಅಲ್ಲಿಯೇ. ಪಹಣಿಯನ್ನು ನೋಡುವುದೂ ಅಲ್ಲಿಯೇ. ಬ್ಯಾಂಕಿನ ಲೆಕ್ಕವೂ ಅಲ್ಲಿಯೇ.

ಬೆಂಗಳೂರಿನಿಂದ ರಜೆಗೆ ಬಂದ ಮಗನಿಗೆ ಇದು ಸರಿಬೀಳಲಿಲ್ಲ.

“ಅಪ್ಪಯ್ಯ, ಇದನ್ನು ಇನ್ನಾದರೂ ಬಿಡಿ.”

“ಬಿಟ್ಟು ಎಂತ ಮಾಡೋದು ಮಾರಾಯ? ನನಗೆ ಬೇಕಾದದ್ದೆಲ್ಲ ಇದರಲ್ಲೇ ಕಾಣ್ತದೆ.”

“ಕಾಣ್ತದೆ ನಿಜ. ಆದರೆ ಇದನ್ನು ಮಾಡಿದವರೇ ಇದನ್ನು ಕೈಬಿಟ್ಟಿದ್ದಾರೆ.”

ಅಡಿಗೆಮನೆಯಿಂದ ತಾಯಿಯ ಧ್ವನಿ ಬಂದಿತು: “ಮೊನ್ನೆ ಬ್ಯಾಂಕಿನದ್ದು ತೆರೆಯಲಿಲ್ಲ ಅಂತ ಅರ್ಧ ಗಂಟೆ ಕೂತಿದ್ರಲ್ಲ, ಅದನ್ನೂ ಹೇಳಿ ಅವನಿಗೆ!”

ಯಜಮಾನರು ಮಾತನಾಡಲಿಲ್ಲ. ಮಗನು ಗೆದ್ದನೆಂದು ತಿಳಿಯಬೇಕಾಗಿಲ್ಲ. ಹಳೆಯದನ್ನು ಬಿಡಲೊಲ್ಲದ ಹಿರಿಯರ ಮನಸ್ಸಿನಲ್ಲಿ ಹಠವಷ್ಟೇ ಅಲ್ಲ, ಕಾರಣಗಳೂ ಇರುತ್ತವೆ. ಇಬ್ಬರ ಮಾತನ್ನೂ ತೂಗಿ ನೋಡದೆ ತೀರ್ಪು ಹೇಳುವುದು ನ್ಯಾಯವಾಗದು.

ಕಿಟಕಿಯ ಕಥೆ

ಜಗತ್ತಿನ ಗಣಕಯಂತ್ರಗಳನ್ನೆಲ್ಲ ಒಂದಕ್ಕೊಂದು ಹೆಣೆದ ಜಾಲವನ್ನು ನೋಡುವುದಕ್ಕೆ ಬೇಕಾದ ಕಿಟಕಿಯೇ ಬ್ರೌಸರ್. ಎಲ್ಲಿಯೋ ದೂರದ ಯಂತ್ರದಲ್ಲಿರುವ ಬರಹವನ್ನೂ ಚಿತ್ರವನ್ನೂ ತಂದು ಮನೆಯ ಪರದೆಯ ಮೇಲೆ ಜೋಡಿಸಿ ತೋರಿಸುವುದು ಅದರ ಕೆಲಸ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಇಂತಹ ಮೊದಲನೆಯ ಸಾಧನವನ್ನು ರಚಿಸಿದರು. 1994ರಲ್ಲಿ ನೆಟ್‌ಸ್ಕೇಪ್ ಬಂದಿತು. 1995ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಣ್ಣು ತೆರೆಯಿತು. ಭಾರತದ ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಸಂಸ್ಥೆಯು ಇಂಟರ್ನೆಟ್ ಸೇವೆಯನ್ನು ಆರಂಭಿಸಿದುದೂ ಅದೇ ತಿಂಗಳ 15ರಂದು. ಹೀಗೆ ಭಾರತದ ಮನೆಗಳಿಗೆ ಜಾಲವೂ ಆ ನೀಲಿ ಅಕ್ಷರವೂ ಹೆಚ್ಚುಕಡಿಮೆ ಒಡಹುಟ್ಟಿದವರಂತೆ ಬಂದವು.

ಮೈಕ್ರೋಸಾಫ್ಟ್ ತನ್ನ ಕಿಟಕಿಯನ್ನು ವಿಂಡೋಸ್ ವ್ಯವಸ್ಥೆಯೊಂದಿಗೆ ಸೇರಿಸಿಯೇ ಕೊಟ್ಟಿತು. ಕೊಂಡ ಯಂತ್ರದೊಳಗೆ ಕಿಟಕಿಯೂ ಸಿದ್ಧವಾಗಿದ್ದಾಗ ಬೇರೊಂದನ್ನು ಹುಡುಕುವವರು ಯಾರು? ಇದು ಅನ್ಯಾಯದ ಪೈಪೋಟಿಯೆಂದು ಅಮೆರಿಕದ ಸರ್ಕಾರವೇ 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ವ್ಯಾಜ್ಯ ನಡೆಯುತ್ತಿದ್ದಂತೆಯೇ ನೆಟ್‌ಸ್ಕೇಪ್ ಸೊರಗಿತು. 2008ರ ಮಾರ್ಚ್ 1ರಂದು ಅದರ ಬೆಂಬಲವೂ ನಿಂತಿತು. 2003ರ ವೇಳೆಗೆ ಜಾಲವನ್ನು ನೋಡುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತೈದು ಮಂದಿ ಎಕ್ಸ್‌ಪ್ಲೋರರ್‌ನ ಮೂಲಕವೇ ನೋಡುತ್ತಿದ್ದರು.

ಎದುರಾಳಿಯಿಲ್ಲದ ಜಟ್ಟಿಗೆ ಮೈ ಬರುವುದು ಸಹಜ. 2001ರ ಆರನೆಯ ಆವೃತ್ತಿಯ ಬಳಿಕ ಏಳನೆಯದು ಬರಲು ಐದು ವರ್ಷಗಳು ಹಿಡಿದವು. ಅಷ್ಟರಲ್ಲಿ, 2004ರಲ್ಲಿ, ನೆಟ್‌ಸ್ಕೇಪ್‌ನ ಬೂದಿಯಿಂದಲೇ ಎದ್ದ ಫೈರ್‌ಫಾಕ್ಸ್ ಬಂದಿತು. 2008ರಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್ ಬಂದಿತು. 2015ರಲ್ಲಿ ಮೈಕ್ರೋಸಾಫ್ಟ್ ತಾನೇ ಎಡ್ಜ್ ಎಂಬ ಹೊಸ ಕಿಟಕಿಯನ್ನು ತೆರೆಯಿತು. ಕೊನೆಗೆ 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ನಿವೃತ್ತಿಯಾಯಿತೆಂದು ಸಾರಲಾಯಿತು. 2023ರ ಫೆಬ್ರವರಿ 14ರಂದು ಹೊರಟ ಪರಿಷ್ಕರಣೆಯೊಂದು ವಿಂಡೋಸ್ 10ರ ಸಾಮಾನ್ಯ ಯಂತ್ರಗಳಲ್ಲಿ ಅದರ ಬಾಗಿಲಿಗೆ ಬೀಗವನ್ನೇ ಹಾಕಿತು. ಆದರೂ ಹೊಸ ಪರಿಷ್ಕರಣೆಗಳು ಮುಟ್ಟದ ಹಳೆಯ ಯಂತ್ರಗಳಲ್ಲಿ ಆ ನೀಲಿ ಅಕ್ಷರ ಈಗಲೂ ಬೆಳಗುತ್ತದೆ. ಜಗಲಿಯ ಮೇಜಿನ ಮೇಲಿರುವುದೂ ಅಂತಹ ಯಂತ್ರವೇ.

ಬಿಡಲಾರದ ಕಾರಣಗಳು

ಹಳೆಯದಕ್ಕೆ ಅಂಟಿಕೊಂಡವರು ಮಲೆನಾಡಿಗರು ಮಾತ್ರ ಎಂದು ಭಾವಿಸಬಾರದು. ತಂತ್ರಜ್ಞಾನದಲ್ಲಿ ಮುಂದಿರುವ ದಕ್ಷಿಣ ಕೊರಿಯಾದಲ್ಲಿ ಬ್ಯಾಂಕು, ವ್ಯಾಪಾರ, ಸರ್ಕಾರದ ಕಾಗದಪತ್ರಗಳೆಲ್ಲ ಬಹುಕಾಲ ಎಕ್ಸ್‌ಪ್ಲೋರರ್ ಒಂದನ್ನೇ ನೆಚ್ಚಿದ್ದವು. ಗುರುತನ್ನು ಖಚಿತಪಡಿಸುವ ಅಲ್ಲಿನ ಏರ್ಪಾಡು ಆಕ್ಟಿವ್‌ಎಕ್ಸ್ ಎಂಬ ಸಾಧನದ ಮೇಲೆ ನಿಂತಿತ್ತು. ಆ ಸಾಧನವಾದರೋ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುವಂಥದು. 2022ರಲ್ಲಿ ಅದು ನಿವೃತ್ತಿಯಾದಾಗ ಆ ದೇಶದ ಎಂಜಿನಿಯರರೊಬ್ಬರು ಗ್ಯೊಂಗ್ಜು ನಗರದಲ್ಲಿ ಅದಕ್ಕೊಂದು ಸಮಾಧಿಯ ಕಲ್ಲನ್ನೇ ನಿಲ್ಲಿಸಿದರು. ಬೇರೆ ಬ್ರೌಸರುಗಳನ್ನು ಇಳಿಸಿಕೊಳ್ಳುವುದಕ್ಕೆ ಇದು ಒಳ್ಳೆಯ ಸಾಧನವಾಗಿತ್ತೆಂಬ ಅರ್ಥದ ವಾಕ್ಯವನ್ನು ಅದರ ಮೇಲೆ ಕೆತ್ತಿಸಿದರು! ಜಪಾನಿನಲ್ಲಿ ಅದೇ ವರ್ಷದ ಮಾರ್ಚ್‌ನಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಶೇಕಡ 49ರಷ್ಟು ಸಂಸ್ಥೆಗಳು ಇನ್ನೂ ಅದನ್ನು ಬಳಸುತ್ತಿರುವುದಾಗಿ ಹೇಳಿದವು.

ಕನ್ನಡಿಗರಿಗೆ ಇನ್ನೊಂದು ಕಾರಣವೂ ಇದ್ದಿತು. ಅದು ಅಕ್ಷರದ ಕಾರಣ. ಮೊದಮೊದಲು ಗಣಕಯಂತ್ರಕ್ಕೆ ಇಂಗ್ಲಿಷಿನ ಹೊರತು ಬೇರೆ ಅಕ್ಷರಗಳು ತಿಳಿದಿರಲಿಲ್ಲ. ಆಗ ಜಾಣರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಅಕ್ಷರಖಂಡಗಳ ರೂಪವನ್ನು ಹೊದಿಸಿದರು. ಯಂತ್ರದ ಪಾಲಿಗೆ ಅದು ಇಂಗ್ಲಿಷೇ. ಓದುವವರ ಕಣ್ಣಿಗೆ ಮಾತ್ರ ಕನ್ನಡ. ಆ ಅಚ್ಚು, ಅಂದರೆ ಫಾಂಟು, ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಎಕ್ಸ್‌ಪ್ಲೋರರ್ 1997ರಿಂದ ಪುಟದ ಜೊತೆಗೇ ಅಚ್ಚನ್ನೂ ತರಿಸಿಕೊಳ್ಳುವ ತನ್ನದೇ ವಿದ್ಯೆಯನ್ನು ಕಲಿತಿದ್ದಿತು. ಅದರ ಬಲದಿಂದ ಭಾರತೀಯ ಭಾಷೆಗಳ ಎಷ್ಟೋ ತಾಣಗಳು ಆ ಕಿಟಕಿಯಲ್ಲಿ ಚೆನ್ನಾಗಿ ಕಂಡವು. ಬೇರೆ ಕಿಟಕಿಗಳಲ್ಲಿ ಕಲಸುಮೇಲೋಗರವಾದವು. ತಾಯ್ನುಡಿಯನ್ನು ತೋರಿಸಿದ ಕಿಟಕಿಯ ಮೇಲೆ ಮಮತೆ ಬೆಳೆದುದು ಆಶ್ಚರ್ಯವಲ್ಲ.

ಇಕ್ಕೇರಿಯಿಂದ ಬಿದನೂರಿಗೆ

ಹಳೆಯ ನೆಲೆಯನ್ನು ಬಿಟ್ಟು ಹೊಸದಕ್ಕೆ ಹೋಗುವ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಕೆಳದಿಯ ಅರಸರು ಮೂರು ರಾಜಧಾನಿಗಳನ್ನು ಕಂಡವರು. ಕೆಳದಿ ಮೊದಲನೆಯದು, ಇಕ್ಕೇರಿ ಎರಡನೆಯದು. ಎರಡೂ ಸಾಗರ ತಾಲ್ಲೂಕಿನವು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯವು ಇಕ್ಕೇರಿಯ ಮೇಲೆರಗಿ ಸೂರೆಮಾಡಿದ ಮೇಲೆ ವೀರಭದ್ರನಾಯಕನು ರಾಜಧಾನಿಯನ್ನು ಬೆಟ್ಟಕಾಡುಗಳ ನಡುವಣ ಬಿದನೂರಿಗೆ ಸಾಗಿಸಿದನು. ಅದೇ ಇಂದು ಹೊಸನಗರ ತಾಲ್ಲೂಕಿನಲ್ಲಿರುವ ನಗರ.

ಇಕ್ಕೇರಿಯಲ್ಲಿ ಕೊರತೆಯೇನಿದ್ದಿತು? ಅಘೋರೇಶ್ವರನ ಭವ್ಯ ದೇವಾಲಯವಿದ್ದಿತು, ಪೇಟೆಯಿದ್ದಿತು, ಹೆಸರಿದ್ದಿತು. ಆದರೂ ಅರಸನು ಹೊರಟನು. ಸೊಬಗು ಎಷ್ಟಿದ್ದರೂ ಕಾವಲಿಲ್ಲದ ಊರಿನಲ್ಲಿ ಬೊಕ್ಕಸವನ್ನು ಇಡಲಾಗದೆಂಬುದು ಅವನಿಗೆ ಪೆಟ್ಟು ತಿಂದು ತಿಳಿದಿದ್ದಿತು. ಇಲ್ಲಿಯೇ ಇನ್ನೊಂದು ಸ್ವಾರಸ್ಯವಿದೆ. ಟಂಕಸಾಲೆ ಬಿದನೂರಿಗೆ ಹೋದರೂ ಅಲ್ಲಿ ಅಚ್ಚಾದ ಚಿನ್ನದ ನಾಣ್ಯವನ್ನು ಜನರು ಕರೆದುದು ಇಕ್ಕೇರಿ ವರಹವೆಂದೇ. ನೆಲೆ ಬದಲಾಯಿತು, ನಾಣ್ಯದ ಬೆಲೆಯೂ ಹೆಸರೂ ಉಳಿದವು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಅಚ್ಚುಹಾಕಿಸಿದ ವರಹಗಳಲ್ಲಿಯೂ ಒಂದು ಮಗ್ಗುಲಿಗೆ ಶಿವಪಾರ್ವತಿಯರ ಹಳೆಯ ಚಿತ್ರವೇ ಇದ್ದಿತು. ಇನ್ನೊಂದು ಮಗ್ಗುಲಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಆತನು ಹಾಕಿಸಿದನು.

ಬದಲಾವಣೆಯ ಗುಟ್ಟು ಇಷ್ಟೇ. ನೆಲೆಯನ್ನು ಕಾವಲಿರುವ ಕಡೆಗೆ ಸಾಗಿಸಬೇಕು. ನಾಣ್ಯವನ್ನು ಮಾತ್ರ ಕಳೆದುಕೊಳ್ಳಬಾರದು. ತಂದೆಮಕ್ಕಳ ವಾದದಲ್ಲಿ ಮಗನು ಕಾವಲಿನ ಮಾತನಾಡುತ್ತಾನೆ. ತಂದೆ ನಾಣ್ಯದ ಚಿಂತೆಯಲ್ಲಿದ್ದಾನೆ. ಇಬ್ಬರ ಮಾತೂ ಸರಿಯೇ.

ಅಪಾಯ ಯಾವುದು?

ಹಳೆಯ ಕಿಟಕಿಯಲ್ಲಿ ಕಾಣುವ ದೃಶ್ಯ ಕೆಟ್ಟಿಲ್ಲ. ಅದರ ಅಗಳಿ ಕೆಟ್ಟಿದೆ. ಯಾವ ಬ್ರೌಸರೂ ದೋಷವಿಲ್ಲದೆ ಹುಟ್ಟುವುದಿಲ್ಲ. ದೋಷ ಕಂಡೊಡನೆ ರಚಿಸಿದವರು ತೇಪೆ ಹಾಕುತ್ತಾರೆ. ನಿವೃತ್ತಿಯಾದುದಕ್ಕೆ ತೇಪೆ ಹಾಕುವವರಿಲ್ಲ. ದೋಷವನ್ನು ಬಲ್ಲ ಕಳ್ಳನು ಕೆಟ್ಟ ಪುಟವೊಂದನ್ನು ಹೆಣೆದಿಟ್ಟರೆ, ಅದನ್ನು ತೆರೆದ ಮಾತ್ರಕ್ಕೇ ಯಂತ್ರದೊಳಕ್ಕೆ ದಾರಿಯಾಗಬಹುದು. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪ್ಲೋರರ್‌ನ ಆರರಿಂದ ಹನ್ನೊಂದರವರೆಗಿನ ಎಲ್ಲ ಆವೃತ್ತಿಗಳಲ್ಲಿಯೂ ಇಂತಹ ದೋಷವೊಂದು ಬೆಳಕಿಗೆ ಬಂದಿತು. ಅದು ಸರಿಯಾಗುವವರೆಗೆ ಬೇರೆ ಬ್ರೌಸರನ್ನು ಬಳಸುವುದು ಒಳಿತೆಂದು ಅಮೆರಿಕ ಮತ್ತು ಬ್ರಿಟನ್ ಸರ್ಕಾರಗಳ ಭದ್ರತಾ ವಿಭಾಗಗಳು ಎಚ್ಚರಿಸಿದವು. ಮೇ 1ರಂದು ತೇಪೆ ಬಂದಿತು. ಅದಕ್ಕೆ ಮೂರು ವಾರಗಳ ಹಿಂದೆಯೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಅಂದು ದಯೆ ದೊರೆಯಿತು. ಅಂತಹ ದಯೆಯನ್ನು ಪ್ರತಿಸಲವೂ ನೆಚ್ಚುವುದು ವಿವೇಕವಲ್ಲ.

ಎರಡನೆಯದು ಬೀಗದ ಮಾತು. ಬ್ಯಾಂಕಿನ ತಾಣಕ್ಕೂ ಮನೆಯ ಯಂತ್ರಕ್ಕೂ ನಡುವೆ ಹರಿಯುವ ಮಾತನ್ನು ಗುಪ್ತವಾಗಿಡುವ ಕಟ್ಟಳೆಗೆ ಟಿಎಲ್‌ಎಸ್ ಎಂದು ಹೆಸರು. ಅದರ 1.0 ಮತ್ತು 1.1ನೆಯ ಆವೃತ್ತಿಗಳು ಸಡಿಲವಾದುವೆಂದು 2020ರಲ್ಲಿ ಪ್ರಮುಖ ಬ್ರೌಸರುಗಳು ಅವನ್ನು ಕೈಬಿಟ್ಟವು. ಎಕ್ಸ್‌ಪಿ ಯಂತ್ರದಲ್ಲಿ ನಡೆಯುವ ಎಕ್ಸ್‌ಪ್ಲೋರರ್‌ಗೆ 1.0ಕ್ಕಿಂತ ಮುಂದಿನದು ತಿಳಿಯದು. ಬೀಗಕ್ಕೂ ಕೀಲಿಕೈಗೂ ಹೊಂದದಿದ್ದರೆ ತಾಣ ತೆರೆಯುವುದಾದರೂ ಹೇಗೆ? ಅದಕ್ಕಿಂತ ಹೊಸ ಯಂತ್ರಗಳಲ್ಲಿ ಬೀಗ ಹೊಂದಿದರೂ, ಎಕ್ಸ್‌ಪ್ಲೋರರ್‌ನಲ್ಲಿ ಸರಿಯಾಗಿ ನಡೆಯುವಂತೆ ತಾಣವನ್ನು ಕಟ್ಟುವವರು ಇಂದು ಅಪರೂಪ. ಅರ್ಧ ಗಂಟೆ ಕಾದರೂ ಬ್ಯಾಂಕಿನ ತಾಣ ತೆರೆಯದಿದ್ದುದಕ್ಕೆ ಮಳೆಯನ್ನಾಗಲಿ ತಂತಿಯನ್ನಾಗಲಿ ದೂರಿ ಫಲವಿಲ್ಲ.

ಹಿರಿಯರ ವಾದ

ಇನ್ನು ತಂದೆಯ ಪಕ್ಷ. ಅವರ ಮೊದಲನೆಯ ಆಕ್ಷೇಪ: ಹೊಸದೂ ನಾಳೆ ಹಳೆಯದಾಗುವುದಲ್ಲವೇ? ಆಗುವುದು. 2015ರಲ್ಲಿ ಬಂದ ಎಡ್ಜ್ ತನ್ನ ಮೊದಲನೆಯ ರೂಪದಲ್ಲಿ ಆರು ವರ್ಷವೂ ಬಾಳಲಿಲ್ಲ. 2020ರ ಜನವರಿಯಲ್ಲಿ ಕ್ರೋಮಿಯಂ ಎಂಬ ಬೇರೆಯೇ ಅಡಿಪಾಯದ ಮೇಲೆ ಅದನ್ನು ಮತ್ತೆ ಕಟ್ಟಲಾಯಿತು. 2021ರ ಮಾರ್ಚ್‌ನಲ್ಲಿ ಹಳೆಯ ಎಡ್ಜ್ ತೀರಿಹೋಯಿತು. ಬಿದನೂರೂ ಕೊನೆಗೆ ಬಿದ್ದಿತಲ್ಲವೇ? ಆದರೆ ಮುಂದೊಂದು ದಿನ ಕೋಟೆ ಬೀಳಬಹುದೆಂದು ಇಂದೇ ಬಯಲಿನಲ್ಲಿ ಮಲಗುವವರುಂಟೇ?

ಎರಡನೆಯದು: ಹೊಸ ಕಿಟಕಿಗಳು ಮನೆಯವರ ಸುದ್ದಿಯನ್ನು ಹೊರಗೆ ಒಯ್ಯುತ್ತವೆಂಬ ಸಂಶಯ. ಇದು ಆಧಾರವಿಲ್ಲದ ಮಾತಲ್ಲ. ಕ್ರೋಮನ್ನು ರಚಿಸಿದ ಸಂಸ್ಥೆಯ ಮುಖ್ಯ ಆದಾಯ ಜಾಹೀರಾತಿನದು. ಹೆಸರು ನಮೂದಿಸಿ ಒಳಹೊಕ್ಕರೆ, ನೋಡಿದ ತಾಣಗಳ ಪಟ್ಟಿಯು ಸಂಸ್ಥೆಯ ಯಂತ್ರಕ್ಕೂ ತಲುಪುವ ಸಂಭವವುಂಟು. ಹೆಸರು ನಮೂದಿಸದೆಯೂ ಬ್ರೌಸರನ್ನು ಬಳಸಬಹುದೆಂಬುದನ್ನೂ, ಬೇಡದ ಅನುಮತಿಗಳನ್ನು ತೆಗೆದುಹಾಕುವ ಏರ್ಪಾಡು ಅದರೊಳಗೇ ಇರುವುದನ್ನೂ ಮಕ್ಕಳು ಹಿರಿಯರಿಗೆ ಕೂರಿಸಿಕೊಂಡು ತೋರಿಸಬೇಕು. ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವೊಂದರ ಅಧೀನದಲ್ಲಿರುವ ಫೈರ್‌ಫಾಕ್ಸ್ ಬೇಕೆನ್ನುವವರಿಗೆ ಅದೂ ಇದೆ. ಅದರ ಗುಂಡಿ, ಪಟ್ಟಿಗಳನ್ನೆಲ್ಲ ಕನ್ನಡದಲ್ಲಿಯೇ ಓದಿಕೊಳ್ಳಲೂ ಸಾಧ್ಯ.

ಮೂರನೆಯದು ಯಂತ್ರದ ಮತ್ತು ಹಣದ ಮಾತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. 2023ರ ಫೆಬ್ರವರಿಯಲ್ಲಿ ಬಂದ ಕ್ರೋಮ್‌ನ 110ನೆಯ ಆವೃತ್ತಿಯು ಅಂತಹ ಯಂತ್ರಗಳನ್ನು ಕೈಬಿಟ್ಟಿತು. ಫೈರ್‌ಫಾಕ್ಸ್‌ನಲ್ಲಿಯೂ 115ನೆಯದೇ ಅವುಗಳಿಗೆ ಒಪ್ಪುವ ಕೊನೆಯ ಆವೃತ್ತಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಕಿಟಕಿ ಹೊಸದಾದರೂ ಗೋಡೆ ಹಳೆಯದಾಗಿದ್ದರೆ ನಿಲ್ಲುವುದು ಕಷ್ಟ. ಹಾಗೆಂದು ಅಡಿಕೆ ಮಾರಿದ ದುಡ್ಡಿನಲ್ಲಿ ಕೂಡಲೇ ಹೊಸ ಯಂತ್ರ ಕೊಳ್ಳಬೇಕೆಂದಿಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದರೆ ಎಷ್ಟೋ ಹಳೆಯ ಯಂತ್ರಗಳು ಹೊಸ ಫೈರ್‌ಫಾಕ್ಸಿನೊಡನೆ ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಬಲ್ಲವರೊಬ್ಬರ ನೆರವು ಮಾತ್ರ ಬೇಕು.

ಹೊತ್ತೊಯ್ಯಬೇಕಾದ ಗಂಟು

ಉಳಿದುದು ನಾಣ್ಯದ ಪ್ರಶ್ನೆ. ಹಳೆಯ ಕಿಟಕಿಯಲ್ಲಿ ಕೂಡಿಟ್ಟ ಮೆಚ್ಚಿನ ತಾಣಗಳ ಪಟ್ಟಿಯನ್ನು ಒಂದು ಕಡತವಾಗಿ ಹೊರತೆಗೆದು ಎಡ್ಜ್, ಕ್ರೋಮ್, ಫೈರ್‌ಫಾಕ್ಸ್ ಯಾವುದಕ್ಕಾದರೂ ಕೊಡಬಹುದು. ಬ್ರೌಸರಿನ ನೆನಪಿನಲ್ಲಿರುವ ಗುಪ್ತಪದಗಳನ್ನು ಮೊದಲು ಪುಸ್ತಕವೊಂದರಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಡುವುದು ಮೇಲು. ಯಂತ್ರದ ಮೈಗೆ ಚೀಟಿ ಅಂಟಿಸುವುದು ಬೇಡ. ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುವ ಹಳೆಯ ತಾಣವೇನಾದರೂ ಉಳಿದಿದ್ದರೆ, ಎಡ್ಜ್‌ನೊಳಗೇ ‘ಐಇ ಮೋಡ್’ ಎಂಬ ಏರ್ಪಾಡಿದೆ. ಕನಿಷ್ಠ 2029ರವರೆಗೆ ಅದನ್ನು ಉಳಿಸುವುದಾಗಿ ಮೈಕ್ರೋಸಾಫ್ಟ್ ಮಾತು ಕೊಟ್ಟಿದೆ. ಹೊಸ ಟಂಕಸಾಲೆಯಲ್ಲಿ ಹಳೆಯ ವರಹ!

ಇವೆಲ್ಲಕ್ಕಿಂತ ದೊಡ್ಡ ಗಂಟು ಕನ್ನಡದ್ದು. ಜಗಲಿಯ ಯಂತ್ರದೊಳಗೆ ಒಂದು ಕಡತವಿದೆ. ಅಜ್ಜನ ಕಾಲದ ಕಾಗದಗಳನ್ನು ನೋಡಿಕೊಂಡು, ತೀರಿಹೋದ ಹಿರಿಯರು ಹೇಳಿದ್ದನ್ನು ನೆನೆದುಕೊಂಡು, ಯಜಮಾನರು ಒಂದು ಮಳೆಗಾಲವೆಲ್ಲ ಕುಳಿತು ಬೆರಳಚ್ಚು ಮಾಡಿದ ವಂಶಾವಳಿ ಅದು. ಹಳೆಯ ಅಚ್ಚಿನಲ್ಲಿ ಮಾಡಿದುದು. ಒಮ್ಮೆ ಅದನ್ನು ಮಗನಿಗೆ ಕಳುಹಿಸಿದಾಗ ಅವನ ಫೋನಿನಲ್ಲಿ ಅಜ್ಜ ಮುತ್ತಜ್ಜರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರು. “ಬರಿ ಗಜಿಬಿಜಿ, ಅಪ್ಪಯ್ಯ” ಎಂದು ಮಗನು ನಕ್ಕಿದ್ದನು. ಅವರು ನಕ್ಕಿರಲಿಲ್ಲ. ಹೊಸದನ್ನು ಹಾಕಿದರೆ ಇದೂ ಅಳಿಸಿಹೋಗುವುದೆಂಬ ಅಳುಕು ಅಂದೇ ಅವರ ಮನಸ್ಸಿನಲ್ಲಿ ಕುಳಿತಿತು. ಮಾತಿಗೆ ಬಾರದ ಕಾರಣ ಇದೇ.

ಗಣಕಯಂತ್ರದಲ್ಲಿ ಕನ್ನಡವು ಹಿಂದೆ ಬೀಳಬಾರದೆಂದು 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ದನಿಯೆತ್ತಿದ್ದರು. ಅವರು ತೀರ್ಥಹಳ್ಳಿಯ ಕುಪ್ಪಳಿ ಮನೆತನದವರೆಂಬುದು ಈ ಸೀಮೆಗೆ ಹೆಮ್ಮೆಯ ಸಂಗತಿ. 1998ರ ‘ಬರಹ’ವಾಗಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ ಕನ್ನಡವನ್ನು ಮನೆಮನೆಯ ಯಂತ್ರಕ್ಕೆ ತಂದ ಉಪಕಾರವನ್ನು ಮರೆಯಲಾಗದು. ಆದರೆ ಎಲ್ಲ ಯಂತ್ರಗಳೂ ಒಪ್ಪುವ ಸಮಾನ ಕ್ರಮವೆಂದರೆ ಯೂನಿಕೋಡ್. 1991ರ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಮೀಸಲು ನೆಲ ದೊರೆಯಿತು. ಅಲ್ಲಿ ‘ಕ’ ಎಂದರೆ ಇಂಗ್ಲಿಷಿನ ವೇಷವಲ್ಲ. ‘ಕ’ ಎಂದೇ ಅರ್ಥ. ಹಳೆಯ ಅಚ್ಚಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ನುಡಿ, ಬರಹಗಳ ಜೊತೆಯಲ್ಲಿಯೇ ದೊರೆಯುತ್ತವೆ. ತಿರುಗಿಸಿದ ಬಳಿಕ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪಿರಬಹುದು; ಒಮ್ಮೆ ಕುಳಿತು ತಿದ್ದಬೇಕು. ಮೂಲದ ಕಡತವನ್ನು ಅಳಿಸದೆ ಬೇರೆ ಕಡೆ ಇಟ್ಟಿರಬೇಕು. ತಾಳೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಗ್ರಂಥಗಳನ್ನು ಇಳಿಸಿದ ಹಿಂದಿನವರು ಮಾಡಿದುದೂ ಇದನ್ನೇ.

ಆ ಮನೆಯಲ್ಲಿ ಮೊದಲು ನಡೆಯಬೇಕಾದ ಕೆಲಸ ಹಳೆಯದನ್ನು ಕಿತ್ತುಹಾಕುವುದಲ್ಲ. ಕಡತವನ್ನು ಕನ್ನಡವಾಗಿಯೇ ಉಳಿಸಿಕೊಡುವುದು. ಮಗನಿಗೆ ಇದು ಹೊಳೆದ ಸಂಜೆ ಅವನು ವಾದವನ್ನು ಬಿಟ್ಟು ತಂದೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡನು. ವಂಶಾವಳಿಯನ್ನು ಯೂನಿಕೋಡಿಗೆ ತಿರುಗಿಸಿದನು. ತಂದೆ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ ತಪ್ಪು ತೋರಿಸಿದರು, ಮಗ ತಿದ್ದಿದನು. ಎರಡು ಸಂಜೆಗಳು ಹೀಗೆಯೇ ಕಳೆದವು. ಮೂರನೆಯ ಸಂಜೆ ಆ ಬರಹ ಮಗನ ಫೋನಿನಲ್ಲಿ ತೆರೆಯಿತು. ಮುತ್ತಜ್ಜನ ಹೆಸರು ಅಚ್ಚ ಕನ್ನಡದಲ್ಲಿ ಕಂಡಿತು.

“ಅಜ್ಜಯ್ಯನ ಹೆಸರಿನ ಕೆಳಗೆ ಅಜ್ಜಿಯ ಹೆಸರೇ ಇಲ್ಲವಲ್ಲ, ಅಪ್ಪಯ್ಯ!”

“ಹೌದಲ್ಲೋ! ನಾಳೆ ಸೇರಿಸು,” ಎಂದರು ತಂದೆ. ಬಟ್ಟೆಯನ್ನು ಯಂತ್ರಕ್ಕೆ ಹೊದಿಸುತ್ತ, ಅರೆಕ್ಷಣ ಬಿಟ್ಟು ಕೇಳಿದರು: “ಆ ನಿನ್ನ ಹೊಸದನ್ನು ಹಾಕೋದಕ್ಕೆ ಎಷ್ಟು ಹೊತ್ತು ಬೇಕು?”